ಅರಿವು ಮರೆಯಾದಾಗ ವ್ರತ

ಸೇವಿಸಲು ಯೋಗ್ಯವಾದ ವಿಷಯದಿಂದಲೂ ಅಭಿಪ್ರಾಯಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಅನ್ನ ದೊರೆಯದೆ ಹಸಿದು ಮಲಗಿದವನು ಉಪವಾಸಿಯೆನಿಸನು. ರೋಗದಿಂದ ರುಚಿಗೆಟ್ಟು ತಟ್ಟೆಯನ್ನು ದೂರ ತಳ್ಳಿದವನು ರಸಪರಿತ್ಯಾಗಿಯೆನಿಸನು. ಬಿಡುವವನಿಗೆ ತಾನು ಏನನ್ನು ಬಿಡುತ್ತಿದ್ದೇನೆ, ಏಕೆ ಬಿಡುತ್ತಿದ್ದೇನೆ ಎಂಬ ಅರಿವು ಇದ್ದಾಗ ಮಾತ್ರ ಆ ತ್ಯಾಗಕ್ಕೆ ವ್ರತವೆಂಬ ಹೆಸರು ಸಲ್ಲುತ್ತದೆ. ಹೀಗೆ ವ್ರತದ ಅಸ್ತಿಭಾರವೇ ಅರಿವು. ಆ ಅರಿವನ್ನೇ ಒಂದು ವ್ಯಾಧಿಯು ಹಠಾತ್ತನೆ ಮರೆಮಾಡಿದರೆ ವ್ರತದ ಗತಿಯೇನು? ಅದು ಭಂಗವಾಯಿತೆ, ಉಳಿಯಿತೆ? ಉಳಿದಿದ್ದರೆ ಅದನ್ನು ಕಾಯುವವರು ಯಾರು?

ಇದು ಕೇವಲ ತರ್ಕಕ್ಕಾಗಿ ಹುಟ್ಟಿದ ಪ್ರಶ್ನೆಯಲ್ಲ. ಮೆದುಳಿನ ಉರಿಯೂತವೆಂಬ ರೋಗವು ಈ ಪ್ರಶ್ನೆಯನ್ನು ಅನೇಕ ಮನೆಗಳ ಹೊಸ್ತಿಲಿಗೆ ತಂದು ನಿಲ್ಲಿಸಿದೆ. ಕನ್ನಡ ನಾಡಿನ ಜನರು ಇದರ ಒಂದು ರೂಪವನ್ನು ಮೆದುಳು ಜ್ವರವೆಂಬ ಹೆಸರಿನಿಂದ ಬಲ್ಲರು. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಹರಡಿದ್ದ ಆ ಜ್ವರಕ್ಕೆ ಸೊಳ್ಳೆಗಳಿಂದ ಬರುವ ವೈರಾಣು ಕಾರಣವಾಗಿತ್ತು. ಆದರೆ ಮೆದುಳಿನ ಎಲ್ಲ ಉರಿಯೂತಗಳಿಗೂ ಹೀಗೆ ಕಾರಣವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಇಂಗ್ಲೆಂಡಿನಲ್ಲಿ 203 ಮಂದಿ ರೋಗಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 37 ಮಂದಿಯಲ್ಲಿ ಕಾರಣವೇ ಪತ್ತೆಯಾಗಲಿಲ್ಲ. ನಿನ್ನೆಯವರೆಗೆ ಓದುತ್ತ, ನಗುತ್ತ, ಮನೆಯ ಕೆಲಸಗಳಲ್ಲಿ ಕೈಗೂಡಿಸುತ್ತಿದ್ದ ಇಪ್ಪತ್ತರ ಹರೆಯದ ಮಗಳೋ ಮಗನೋ ಒಂದೆರಡು ವಾರಗಳಲ್ಲಿ ಸೆಳವು, ಪ್ರಲಾಪ, ಮೂರ್ಛೆಗಳಿಗೆ ಈಡಾಗಿ, ವೈದ್ಯರೂ ಕಾರಣ ಹೇಳಲಾರದೆ ಇರುವಾಗ, ಆ ಮನೆಯವರ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಈ ರೋಗದ ಒಂದು ಬಗೆಯನ್ನು ಜೋಸೆಪ್ ಡಾಲ್ಮೌ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ 2007ರಲ್ಲಿ ಗುರುತಿಸಿದರು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ದಾರಿತಪ್ಪಿ, ನೆನಪು ಮತ್ತು ಕಲಿಕೆಗೆ ಆಧಾರವಾದ ಮೆದುಳಿನ ಸೂಕ್ಷ್ಮ ಗ್ರಾಹಕಗಳ ಮೇಲೆಯೇ ಎರಗುವುದು ಇದರ ಕ್ರಮ. ಇದು ಹೆಚ್ಚಾಗಿ ಯುವತಿಯರನ್ನು ಬಾಧಿಸುತ್ತದೆ. ಕೆಲವರಲ್ಲಿ ಅಂಡಾಶಯದ ಒಂದು ಗಡ್ಡೆಯು ಇದಕ್ಕೆ ಪ್ರಚೋದಕವಾಗಿರುತ್ತದೆ. ಉಳಿದವರಲ್ಲಿ ಅದೂ ಕಂಡುಬರುವುದಿಲ್ಲ. ಮೊದಮೊದಲು ಶಂಕೆ, ಭಯ, ನಿದ್ರಾನಾಶ, ಇಲ್ಲದ ದನಿಗಳನ್ನು ಕೇಳುವುದು ಮುಂತಾದ ಲಕ್ಷಣಗಳೇ ತೋರುವುದರಿಂದ, ಇದನ್ನು ಹುಚ್ಚೆಂದೋ ಗಾಳಿ ಸೋಕಿತೆಂದೋ ಬಗೆಯುವ ಸಂಭವವುಂಟು.

ರೋಗದ ಸ್ವರೂಪವನ್ನು ಸ್ಪಷ್ಟಪಡಿಸಲು ಆ ದೇಶದ್ದೇ ಆದ ಒಂದು ಪ್ರಸಿದ್ಧ ಪ್ರಸಂಗವನ್ನು ನೋಡಬಹುದು. 2009ರಲ್ಲಿ ನ್ಯೂಯಾರ್ಕ್ ನಗರದ ಪತ್ರಕರ್ತೆ ಸುಸಾನಾ ಕ್ಯಾಹಲನ್ ತಮ್ಮ 24ನೆಯ ವಯಸ್ಸಿನಲ್ಲಿ ಈ ವ್ಯಾಧಿಗೆ ತುತ್ತಾದರು. ಆರಂಭದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಅತಿಯಾದ ಮದ್ಯಪಾನದ ಪರಿಣಾಮವೆಂದು ಒಬ್ಬ ವೈದ್ಯರು ನಿರ್ಧರಿಸಿದರು. ಮಾನಸಿಕ ರೋಗವೆಂಬ ಅಭಿಪ್ರಾಯವೂ ಬಂದಿತು. ಕೊನೆಗೆ ಸುಹೆಲ್ ನಜ್ಜಾರ್ ಎಂಬ ವೈದ್ಯರು ಆಕೆಗೆ ಗಡಿಯಾರದ ಮುಖವನ್ನು ಬರೆಯಲು ಹೇಳಿದರು. ಆಕೆ 1ರಿಂದ 12ರವರೆಗಿನ ಎಲ್ಲ ಅಂಕಿಗಳನ್ನೂ ಬಲಭಾಗದಲ್ಲಿಯೇ ಒತ್ತೊತ್ತಾಗಿ ಬರೆದರು, ಎಡಭಾಗವು ಬರಿದಾಗಿತ್ತು. ಮೆದುಳಿನ ಬಲ ಅರ್ಧದಲ್ಲಿ ಉರಿಯೂತವಿದೆಯೆಂಬುದು ಅದರಿಂದ ಹೊಳೆಯಿತು. ಚಿಕಿತ್ಸೆ ಫಲಿಸಿ, ಕೆಲವು ತಿಂಗಳುಗಳ ಬಳಿಕ ಆಕೆ ಉದ್ಯೋಗಕ್ಕೆ ಮರಳಿದರು. 2012ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೆ ಆಸ್ಪತ್ರೆಯಲ್ಲಿ ಕಳೆದ ಸುಮಾರು ಒಂದು ತಿಂಗಳ ನೆನಪು ಆಕೆಗೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ತಾನು ಆಗ ಏನಾಗಿದ್ದೆನೆಂಬುದನ್ನು ಆಕೆ ತಂದೆಯ ದಿನಚರಿಯಿಂದಲೂ ಆಸ್ಪತ್ರೆಯ ದಾಖಲೆಗಳಿಂದಲೂ ತಿಳಿಯಬೇಕಾಯಿತು.

ಇಂತಹ ವ್ಯಾಧಿಯು ಒಂದು ಶ್ರಾವಕ ಕುಟುಂಬದಲ್ಲಿ ಒದಗಿತೆಂದು ಭಾವಿಸಿದರೆ ಪ್ರಶ್ನೆಯ ತೀಕ್ಷ್ಣತೆಯು ಅರಿವಾಗುತ್ತದೆ. ಮಗಳು ಬಾಲ್ಯದಿಂದಲೂ ರಾತ್ರಿಭೋಜನವನ್ನು ತ್ಯಜಿಸಿದವಳು. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುವವಳು. ಹದಿನಾಲ್ಕು ವರ್ಷಗಳ ಅನಂತನ ನೋಂಪಿಯನ್ನು ಹಿಡಿದು ಆರನೆಯ ವರ್ಷದಲ್ಲಿ ಇರುವವಳು. ಈಗ ಮೂಗಿನ ಮೂಲಕ ಇಳಿಸಿದ ನಳಿಕೆಯಿಂದ ರಾತ್ರಿ ಹತ್ತು ಗಂಟೆಗೂ ಎರಡು ಗಂಟೆಗೂ ಆಕೆಯ ಹೊಟ್ಟೆಗೆ ಆಹಾರ ಸೇರುತ್ತಿದೆ. ಎಂದೂ ಆಡದ ಮಾತುಗಳನ್ನು ಹೆತ್ತ ತಾಯಿಗೆ ಆಡುತ್ತಾಳೆ. ಕಿವಿಯ ಬಳಿ ಪಂಚನಮಸ್ಕಾರವನ್ನು ಹೇಳಿದರೆ ಗುರುತಿಸುವುದಿಲ್ಲ. ಮನೆಯ ಹಿರಿಯರ ಮನಸ್ಸಿನಲ್ಲಿ ಮೂರು ಸಂದೇಹಗಳು ಏಳುತ್ತವೆ. ಆಕೆಯ ವ್ರತ ಭಂಗವಾಯಿತೆ? ಆಕೆ ವ್ರತಸ್ಥೆಯೆಂಬ ಕಾರಣದಿಂದ ಆಹಾರೌಷಧಗಳಲ್ಲಿ ಏನನ್ನಾದರೂ ತಡೆಯಬೇಕೆ? ಚೇತರಿಸಿಕೊಂಡರೆ ಆ ವ್ರತವನ್ನು ಎಲ್ಲಿಂದ ಆರಂಭಿಸಬೇಕು?

ಮೊದಲನೆಯ ಸಂದೇಹಕ್ಕೆ ಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ವ್ರತದಲ್ಲಿ ಉಂಟಾಗುವ ದೋಷಗಳನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರವೆಂದು ನಾಲ್ಕು ಮೆಟ್ಟಿಲುಗಳಾಗಿ ಅಮಿತಗತಿ ಆಚಾರ್ಯರು ವಿಂಗಡಿಸಿದ್ದಾರೆ. ಮನಸ್ಸಿನ ಶುದ್ಧಿಯು ಕುಂದುವುದೇ ಮೊದಲ ಮೆಟ್ಟಿಲು. ಮೇಲಿನ ಮೂರೂ ಅದರ ಮೇಲೆಯೇ ನಿಂತಿವೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಪ್ರಾಣಘಾತದೊಂದಿಗೆ ಪ್ರಮತ್ತಯೋಗವನ್ನು ಸೇರಿಸಿಯೇ ಹೇಳಿದರು. ಎಲ್ಲಿ ಬಯಸುವ ಮನಸ್ಸೇ ವ್ಯಾಧಿಯಿಂದ ಆವೃತವಾಗಿದೆಯೋ, ಅಲ್ಲಿ ಬಯಕೆಯೂ ಇಲ್ಲ, ಉಪೇಕ್ಷೆಯೂ ಇಲ್ಲ. ಆದುದರಿಂದ ಅತಿಕ್ರಮಕ್ಕೂ ಎಡೆಯಿಲ್ಲ. ನಳಿಕೆಯಿಂದ ಇಳಿದ ಆಹಾರವು ಆಕೆ ಉಂಡ ಊಟವಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಅರಿವಿಲ್ಲದೆ ಮಾಡಿದ್ದಕ್ಕೆ ದೋಷವಿಲ್ಲವೆಂದರೆ, ಕುಡಿದು ಮೈಮರೆತವನಿಗೂ ದೋಷವಿಲ್ಲವೆನ್ನಬೇಕಾಗುವುದಿಲ್ಲವೆ? ಹಾಗಾಗುವುದಿಲ್ಲ. ಕುಡಿದವನು ಅರಿವಿದ್ದಾಗಲೇ ಅರಿವನ್ನು ಕಳೆದುಕೊಳ್ಳಲು ಒಪ್ಪಿದನು. ಅವನ ಪ್ರಮಾದವು ಮೊದಲ ಗುಟುಕಿನಲ್ಲಿಯೇ ಇದೆ. ರೋಗಿಯು ಏನನ್ನೂ ಒಪ್ಪಲಿಲ್ಲ. ಕಳ್ಳನು ಕೊಂಡೊಯ್ದುದನ್ನು ದಾನವೆಂದಾಗಲಿ ದುಂದುಗಾರಿಕೆಯೆಂದಾಗಲಿ ಯಾರೂ ಕರೆಯುವುದಿಲ್ಲ.

ತಾಯಿಗೆ ನೋವುಂಟುಮಾಡುವ ಕಟುನುಡಿಗಳ ವಿಷಯದಲ್ಲಿಯೂ ಇದೇ ವಿವೇಕವು ಬೇಕು. ಜ್ಞಾನಾವರಣೀಯ ಕರ್ಮಕ್ಕೆ ಶಾಸ್ತ್ರಕಾರರು ಕೊಟ್ಟ ದೃಷ್ಟಾಂತವು ಬಿಂಬದ ಮುಖಕ್ಕೆ ಹಾಕಿದ ವಸ್ತ್ರದ್ದು. ಬಸದಿಯಲ್ಲಿ ತೆರೆ ಎಳೆದಾಗ ಬಿಂಬವು ಕಾಣುವುದಿಲ್ಲ. ಆದರೆ ಬಿಂಬವು ವಿಕಾರಗೊಂಡಿತೆಂದು ಯಾವ ಭಕ್ತನೂ ಭಾವಿಸುವುದಿಲ್ಲ. ಉಪಯೋಗವು ಜೀವದ ಲಕ್ಷಣ. ಅದು ಪ್ರಕಟವಾಗಲು ಸಂಸಾರಿ ಜೀವಕ್ಕೆ ಇಂದ್ರಿಯ ಮನಸ್ಸುಗಳ ಆಸರೆ ಬೇಕು. ಆಸರೆಯು ಕೆಟ್ಟಾಗ ಪ್ರಕಟವಾಗುವುದೂ ಕೆಡುತ್ತದೆ, ಲಕ್ಷಣವು ನಾಶವಾಗುವುದಿಲ್ಲ. ಹಾಸಿಗೆಯ ಮೇಲೆ ಇರುವುದು ಅದೇ ಜೀವ.

ಎರಡನೆಯ ಸಂದೇಹವು ಹೆಚ್ಚು ಕಠಿನವಾದುದು. ಏಕೆಂದರೆ ಪುರಾಣಗಳಲ್ಲಿ ಪ್ರಾಣವನ್ನು ಬಿಟ್ಟರೂ ವ್ರತವನ್ನು ಬಿಡದವರ ಕಥೆಗಳನ್ನು ಶ್ರಾವಕರು ಬಾಲ್ಯದಿಂದಲೇ ಕೇಳಿದ್ದಾರೆ. ಖದಿರಸಾರನೆಂಬ ಬೇಡನು ಮುನಿಗಳ ಬಳಿ ಕಾಗೆಯ ಮಾಂಸವನ್ನು ಮಾತ್ರ ತ್ಯಜಿಸಿದ್ದನು. ಮುಂದೆ ರೋಗಗ್ರಸ್ತನಾದಾಗ ಅದೇ ಮಾಂಸವೇ ಔಷಧವೆಂದು ಹೇಳಿದರೂ, ಬಂಧುಗಳು ಎಷ್ಟು ಒತ್ತಾಯಿಸಿದರೂ ಒಪ್ಪದೆ ದೇಹತ್ಯಾಗ ಮಾಡಿದನು. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜನಾಗಿ ಜನಿಸಿತು. ಹಾಗಿದ್ದರೆ ಮಗಳ ರಾತ್ರಿಭೋಜನತ್ಯಾಗವನ್ನು ಮನೆಯವರು ಸಡಿಲಿಸಬಹುದೆ?

ಈ ಕಥೆಯಲ್ಲಿ ಬೇಡವೆಂದವನು ಯಾರೆಂಬುದನ್ನು ಗಮನಿಸಬೇಕು. ಖದಿರಸಾರನು ಎಚ್ಚರವಾಗಿದ್ದನು, ತನ್ನ ಔಷಧವನ್ನು ತಾನೇ ನಿರಾಕರಿಸಿದನು. ಅವನು ಪ್ರಜ್ಞಾಹೀನನಾಗಿದ್ದಾಗ ಬಂಧುಗಳು ಅವನ ಪರವಾಗಿ ಔಷಧವನ್ನು ತಡೆದಿದ್ದರೆ, ಆ ಕಥೆಯು ವ್ರತಮಹಿಮೆಯ ಕಥೆಯಾಗಿ ಉಳಿಯುತ್ತಿರಲಿಲ್ಲ. ಮೇಲಾಗಿ, ಅವನ ಮುಂದಿದ್ದುದು ಒಂದು ಪ್ರಾಣಿಯ ಮಾಂಸ. ನಳಿಕೆಯ ಅನ್ನವನ್ನೂ ಔಷಧದ ಗುಳಿಗೆಯನ್ನೂ ಅದರೊಡನೆ ಸಮೀಕರಿಸಲಾಗದು. ಒಬ್ಬರ ವ್ರತವನ್ನು ಇನ್ನೊಬ್ಬರು ತೆಗೆದುಕೊಳ್ಳಲಾಗುವುದಿಲ್ಲ. ಆದುದರಿಂದ ಒಬ್ಬರ ವ್ರತವನ್ನು ಇನ್ನೊಬ್ಬರು, ಅವರ ದೇಹವನ್ನು ಬಳಲಿಸಿ, ನಡೆಸಲೂ ಆಗುವುದಿಲ್ಲ. ತನ್ನ ಅನ್ನವನ್ನು ತಾನು ಬಿಡುವುದು ತಪಸ್ಸು. ಪರರ ಅನ್ನವನ್ನು ತಡೆಯುವುದನ್ನು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೆಂಬ ಹೆಸರಿನಿಂದ ಶಾಸ್ತ್ರವೇ ಎಣಿಸಿದೆ.

ಸಮಂತಭದ್ರಾಚಾರ್ಯರ ಜೀವನದ ಬಗ್ಗೆ ಪರಂಪರೆಯಲ್ಲಿ ಬಂದಿರುವ ವೃತ್ತಾಂತವು ಇಲ್ಲಿ ಮನನೀಯವಾಗಿದೆ. 19ನೆಯ ಶತಮಾನದ ದೇವಚಂದ್ರನ ರಾಜಾವಳೀ ಕಥೆಯು ಹೇಳುವಂತೆ, ಮಣುವಕಹಳ್ಳಿಯಲ್ಲಿದ್ದಾಗ ಅವರಿಗೆ ಭಸ್ಮಕವ್ಯಾಧಿಯು ತಗುಲಿತು. ಉಂಡುದೆಲ್ಲವೂ ಉರಿದುಹೋಗುವ ತೀರದ ಹಸಿವು. ದಿನಕ್ಕೊಮ್ಮೆ ಮಾತ್ರ ಆಹಾರ ಸ್ವೀಕರಿಸುವ ಮುನಿಗೆ ಅದು ಸಹಿಸಲಸಾಧ್ಯವಾದ ಸಂಕಟ. ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟು, ಬೇಕಾದಷ್ಟು ಆಹಾರವನ್ನು ಸೇವಿಸಿ ರೋಗವನ್ನು ಶಮನಗೊಳಿಸಿ, ಆ ಬಳಿಕ ಮತ್ತೆ ದೀಕ್ಷೆಯನ್ನು ತೆಗೆದುಕೊಳ್ಳುವಂತೆ ಆಜ್ಞಾಪಿಸಿದರು. ಶಿಷ್ಯರು ಹಾಗೆಯೇ ನಡೆದು ಪುನಃ ಮುನಿಗಳಾದರು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಎಂಬ 12ನೆಯ ಶತಮಾನದ ಶಾಸನವೂ ಭಸ್ಮಕವನ್ನು ಭಸ್ಮಮಾಡಿದ ಸಮರ್ಥರೆಂದು ಅವರನ್ನು ಸ್ತುತಿಸುತ್ತದೆ. ಮಹಾವ್ರತಗಳನ್ನೇ ಬದಿಗಿಟ್ಟು ಚಿಕಿತ್ಸೆಗೆ ಹೋಗೆಂದು ಗುರುಗಳು ಹೇಳಿದಾಗ ವ್ರತಕ್ಕೆ ಅಗೌರವವಾಗಲಿಲ್ಲ. ಬಿಡುವುದೂ ಮರಳಿ ಹಿಡಿಯುವುದೂ ಗುರುಸಾಕ್ಷಿಯಾಗಿ, ಮುಚ್ಚುಮರೆಯಿಲ್ಲದೆ ನಡೆಯಿತು.

ಅದೇ ಆಚಾರ್ಯರು ಸಲ್ಲೇಖನೆಗೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೇಳುವಾಗ ನಿಃಪ್ರತೀಕಾರ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಅಂದರೆ ಪರಿಹಾರವಿಲ್ಲದ ಸ್ಥಿತಿ. ಕಾರಣ ತಿಳಿಯದ ರೋಗ ಬೇರೆ, ಪರಿಹಾರವಿಲ್ಲದ ರೋಗ ಬೇರೆ. ದುಃಖದ ಭರದಲ್ಲಿ ಮನೆಯವರು ಈ ಎರಡನ್ನೂ ಒಂದೆಂದು ತಿಳಿಯುವುದುಂಟು. ಮೇಲೆ ಹೇಳಿದ ದಾರಿತಪ್ಪಿದ ರಕ್ಷಣಾಶಕ್ತಿಯ ರೋಗಕ್ಕೆ ಈಡಾದ 577 ಮಂದಿಯ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳವರೆಗೆ ಅನುಸರಿಸಲು ಸಾಧ್ಯವಾದವರಲ್ಲಿ ನೂರಕ್ಕೆ ಸುಮಾರು 81 ಮಂದಿ ಉತ್ತಮ ಸ್ಥಿತಿಗೆ ಮರಳಿದ್ದರು. ಒಂದೂವರೆ ವರ್ಷದವರೆಗೂ ಸುಧಾರಣೆ ಮುಂದುವರಿದಿತ್ತು. ತಡಮಾಡದೆ ಚಿಕಿತ್ಸೆ ದೊರೆತವರಿಗೆ ಫಲವು ಉತ್ತಮವಾಗಿತ್ತು. ಹೀಗಿರುವಾಗ ಎರಡನೆಯ ತಿಂಗಳಲ್ಲಿಯೇ ಕೈಚೆಲ್ಲಿ, ಅದಕ್ಕೆ ಧರ್ಮದ ಹೆಸರನ್ನು ಕೊಡುವುದು ಸಲ್ಲದು.

ಕರ್ಮೋದಯವಾಗಿರುವಾಗ ಚಿಕಿತ್ಸೆಯಿಂದೇನು ಎಂದು ಕೆಲವರು ಕೇಳುತ್ತಾರೆ. ಅಸಾತಾವೇದನೀಯದ ಉದಯವೆಂಬುದು ನಿಜ. ಆದರೆ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ ಫಲ ಕೊಡುತ್ತದೆ. ಔಷಧವೂ ಒಂದು ನಿಮಿತ್ತವೇ. ಇಲ್ಲವಾದರೆ ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸುವ ಅಗತ್ಯವೇ ಇರಲಿಲ್ಲ; ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸುತ್ತಿರಲಿಲ್ಲ; 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತರುತ್ತಿರಲಿಲ್ಲ. ಕರ್ಮಸಿದ್ಧಾಂತವನ್ನು ತನ್ನ ದುಃಖವನ್ನು ಸಮಭಾವದಿಂದ ಸಹಿಸಲು ಬಳಸಬೇಕು. ಪರರ ದುಃಖವನ್ನು ಅಳೆಯುವ ಕೋಲಾಗಿ ಬಳಸಬಾರದು. ಹಾಸಿಗೆಯ ಬಳಿ ನಿಂತು ಯಾವ ಜನ್ಮದ ಪಾಪವೋ ಎನ್ನುವವರಿಗೆ ಅವಧಿಜ್ಞಾನವಿರುವುದಿಲ್ಲ. ಕೇಳುವ ತಾಯಿಗೆ ಆರ್ತಧ್ಯಾನವು ಮಾತ್ರ ಹೆಚ್ಚುತ್ತದೆ. ಗಾಳಿ ಸೋಕಿತೆಂದು ತಾಯಿತ ಯಂತ್ರಗಳಿಗಾಗಿ ಅಲೆದು ವಾರಗಳನ್ನು ಕಳೆಯುವುದಂತೂ ಮೂಢತೆಯೇ ಸರಿ. ಈ ರೋಗದಲ್ಲಿ ಕಳೆದ ವಾರಗಳಿಗೆ ಬೆಲೆ ತೆರುವವಳು ರೋಗಿಯೇ.

ರಾತ್ರಿ ಉಣಿಸುವುದರಿಂದ ತಮಗೆ ಕಾರಿತದೋಷವು ಬರುವುದೆಂದು ಅಂಜುವ ಹಿರಿಯರೂ ಉಂಟು. ಆ ಅಂಜಿಕೆಯನ್ನು ಹಗುರವಾಗಿ ಕಾಣಬೇಕಿಲ್ಲ. ಅದು ವ್ರತಶ್ರದ್ಧೆಯ ಗುರುತು. ಆದರೆ ಅದರ ಪರಿಹಾರವು ಅಂಜಿದವರ ಕೈಯಲ್ಲಿಯೇ ಇದೆ. ಮುನಿಗಳ ಬಳಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ತಾವು ತೆಗೆದುಕೊಳ್ಳಲಿ. ತಮ್ಮ ಶುದ್ಧಿಯ ವೆಚ್ಚವನ್ನು ರೋಗಿಯ ದೇಹದಿಂದ ತೆಗೆಯದಿರಲಿ. ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಒಂದು, ಸಾವಿರಾರು ಮಂದಿ ಆರೋಗ್ಯವಂತರು ಕೊಟ್ಟ ರಕ್ತದ ದ್ರವಭಾಗದಿಂದ ಸಂಗ್ರಹಿಸಿದ ರಕ್ಷಣಾಂಶವಾಗಿದೆ. ಅದನ್ನು ಕಂಡು ಹೇಸುವವರು, ಅದಕ್ಕಾಗಿ ಯಾವ ಜೀವವೂ ಬಲಿಯಾಗಿಲ್ಲವೆಂಬುದನ್ನು ನೆನೆಯಬೇಕು.

ಮೂರನೆಯ ಸಂದೇಹವು ಚೇತರಿಕೆಯ ಕಾಲದ್ದು. ಚೇತರಿಕೆಯೆಂದರೆ ಒಂದು ದಿನ ಎದ್ದು ಕುಳಿತು ಹಿಂದಿನಂತೆ ಆಗುವುದಲ್ಲ. ನಡೆಯುವುದು, ನುಡಿಯುವುದು, ಲೆಕ್ಕ ಹೇಳುವುದು, ಸಿಟ್ಟನ್ನು ತಡೆಯುವುದು ಒಂದೊಂದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಮರಳುತ್ತವೆ. ಕೆಲವು ಮರಳದೆಯೂ ಇರಬಹುದು. 2013ರ ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ಎರಡು ವರ್ಷಗಳೊಳಗೆ ರೋಗವು ಮರುಕಳಿಸಿತು. ಸೆಳವನ್ನು ತಡೆಯುವ ಗುಳಿಗೆಗಳನ್ನು ವೇಳೆ ತಪ್ಪಿಸದೆ ಸೇವಿಸಬೇಕು. ದೀರ್ಘಕಾಲ ಕೊಟ್ಟ ಸ್ಟೀರಾಯ್ಡ್ ಔಷಧವನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯಕರ. ಮಗಳು ಬದುಕಿ ಬಂದಳೆಂಬ ಸಂತೋಷದಲ್ಲಿ ದಶಲಕ್ಷಣ ಪರ್ವದ ಉಪವಾಸಗಳನ್ನು ಆಕೆಯಿಂದ ಮಾಡಿಸುವ ಉತ್ಸಾಹವು, ಅಥವಾ ನಿಂತುಹೋದ ನೋಂಪಿಯನ್ನು ಬೇಗನೆ ಮುಗಿಸಿ ಉದ್ಯಾಪನೆ ಮಾಡುವ ಆತುರವು, ಮತ್ತೆ ಸೆಳವನ್ನು ಕರೆಯಬಹುದು. ವೈದ್ಯರ ಒಪ್ಪಿಗೆಯಿಲ್ಲದೆ ಉಪವಾಸವು ಸಲ್ಲದು. ಅನಶನವು ಆರು ಬಾಹ್ಯತಪಗಳಲ್ಲಿ ಒಂದು ಮಾತ್ರ. ಸ್ವಾಧ್ಯಾಯ, ವಿನಯಗಳು ಅಂತರಂಗದ ತಪಗಳೇ. ಯಾವಜ್ಜೀವದ ಯಮಕ್ಕೆ ಮುನ್ನ ಅಲ್ಪಕಾಲದ ನಿಯಮಗಳಿವೆ. ಒಂದು ಗಳಿಗೆ ಮೌನವಾಗಿ ಕುಳಿತು ಜಿನನಾಮವನ್ನು ನೆನೆಯುವುದೇ ಆ ದಿನಕ್ಕೆ ಆಕೆಯ ಶಕ್ತಿಯಾಗಿದ್ದರೆ, ಶಕ್ತಿಗೆ ತಕ್ಕ ತಪಸ್ಸು ಅದೇ.

ಹಿಡಿದ ವ್ರತದ ನೆನಪೇ ಆಕೆಗೆ ಬಾರದಿದ್ದರೆ? ಆಗ ತಾಯಿಯು ಆಕೆಗೆ ತಿಳಿಸಬಹುದು: ನೀನು ಇಂತಹ ನೋಂಪಿಯನ್ನು ಹಿಡಿದಿದ್ದೆ, ಆರು ವರ್ಷ ನಡೆಸಿದ್ದೆ ಎಂದು. ತಿಳಿಸುವುದು ಮನೆಯವರ ಕೆಲಸ. ಮತ್ತೆ ಹಿಡಿಯುವುದು ಆಕೆಯದು. ಅಭಿಪ್ರಾಯವಿಲ್ಲದೆ ವ್ರತವಿಲ್ಲವೆಂಬ ಮೊದಲ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಆಕೆ ಕೇಳಿ, ಅರಿತು, ಒಪ್ಪಿದ ದಿನ ಗುರುಸಾಕ್ಷಿಯಾಗಿ ಮುಂದುವರಿಸಲಿ. ಒಪ್ಪದಿದ್ದರೆ ಕಾಯಬೇಕು. ಅವಳಿಗೆ ನೆನಪಿಲ್ಲದ ಮಾತಿಗೆ ಅವಳನ್ನು ಕಟ್ಟಿಹಾಕುವುದರಿಂದ ಧರ್ಮಕ್ಕೆ ಯಾವ ಲಾಭವೂ ಇಲ್ಲ.

ಕೊನೆಯದಾಗಿ, ಪೂರ್ತಿಯಾಗಿ ಮರಳದವರ ಮಾತನ್ನೂ ಆಡಬೇಕಾಗಿದೆ. ನೂರರಲ್ಲಿ 81 ಎಂಬ ಅಂಕಿಯನ್ನು ಹೇಳಿ ನಿಲ್ಲಿಸಿದರೆ ಉಳಿದ ಮನೆಗಳಿಗೆ ಅನ್ಯಾಯವಾಗುತ್ತದೆ. ಅಲ್ಲಿ ಮಗ ಅಥವಾ ಮಗಳು ಬದುಕಿದ್ದಾರೆ, ಆದರೆ ಹಿಂದಿನವರಾಗಿಲ್ಲ. ಉಪವಾಸ ಮಾಡುವವನಿಗೆ ಪಾರಣೆಯ ಹೊತ್ತು ತಿಳಿದಿರುತ್ತದೆ. ಇಂದಿನ ಹಸಿವಿಗೆ ನಾಳಿನ ಸೂರ್ಯೋದಯದ ಆಧಾರವಿರುತ್ತದೆ. ಇಂತಹ ಮನೆಯವರು ನಡೆಸುವುದು ಪಾರಣೆಯ ದಿನ ಗೊತ್ತಿಲ್ಲದ ಉಪವಾಸ. ಅವರ ತಪಸ್ಸಿಗೆ ಶಾಸ್ತ್ರದಲ್ಲಿ ಹೆಸರಿದೆ: ಅಂತರಂಗ ತಪಗಳಲ್ಲಿ ಎಣಿಸಲ್ಪಟ್ಟ ವೈಯಾವೃತ್ಯ. ಮಲಮೂತ್ರಗಳಿಗೆ ಹೇಸದೆ ಸೇವೆ ಮಾಡುವಲ್ಲಿ ನಿರ್ವಿಚಿಕಿತ್ಸಾ ಅಂಗವು ಪಾಲಿಸಲ್ಪಡುತ್ತದೆ. ಬೇಸತ್ತು ಧರ್ಮದಿಂದಲೇ ಜಾರುವ ತಂದೆತಾಯಿಗಳನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ; ಆದರೆ ಅದು ಆ ಮನೆಯವರು ಒಬ್ಬರೇ ಮಾಡಲಾಗುವ ಕಾರ್ಯವಲ್ಲ. ಅದು ಸಮಾಜದ ಪಾಲು.

ಆದುದರಿಂದ ಬಸದಿಯ ಜಗಲಿಯಲ್ಲಿ ಇಂತಹ ಮನೆಯ ಸುದ್ದಿಯು ಬಂದಾಗ ಕೇಳಬೇಕಾದ ಮಾತು ಒಂದಿದೆ. ಯಾವ ಕರ್ಮದಿಂದ ಹೀಗಾಯಿತು, ನೋಂಪಿಯು ಎಲ್ಲಿ ತಪ್ಪಿತು ಎಂಬ ವಿಚಾರವನ್ನು ಬಿಟ್ಟು, ಇಂದು ರಾತ್ರಿ ಆಸ್ಪತ್ರೆಯಲ್ಲಿ ಆ ತಾಯಿಯ ಬದಲು ಯಾರು ಕುಳಿತುಕೊಳ್ಳುತ್ತಾರೆ, ನಾಳೆ ಸೂರ್ಯಾಸ್ತಕ್ಕೆ ಮುನ್ನ ಆಕೆಗೆ ಊಟವನ್ನು ಯಾರು ಕೊಂಡೊಯ್ಯುತ್ತಾರೆ ಎಂದು ಕೇಳಲಿ. ಮಗಳ ವ್ರತವು ಆಕೆಯ ಅರಿವು ಮರಳುವವರೆಗೆ ಕಾಯಬಲ್ಲದು. ತಾಯಿಯ ವ್ರತವನ್ನಾದರೂ, ಆಕೆ ಹಗಲಿನಲ್ಲಿ ಒಂದು ತುತ್ತು ಉಣ್ಣುವಂತೆ ಮಾಡಿ, ನೆರೆಯವರು ಉಳಿಸಬಹುದು.